ಭಾರದ ಟರ್ಬೋ, ಮತ್ತೆ ಮತ್ತೆ ಬಿರಿಯುವ ಮ್ಯಾನಿಫೋಲ್ಡ್

ಪ್ರಶ್ನೆ: ಮಾನ್ಯರೇ, ನಾನು ವಿಜಯಪುರದ ಕಡೆಯವನು. ಪುಣೆಯ ಭೋಸರಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡಿಕೊಂಡಿದ್ದೇನೆ. ಆಫ್‌ರೋಡ್ ಸ್ಪರ್ಧೆಗೆಂದು ಕಟ್ಟುತ್ತಿರುವ ಜೀಪಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನಿಗೆ, ಹಳೆಯ ಟ್ರಕ್ಕಿನಿಂದ ಬಿಚ್ಚಿದ ಸುಮಾರು 12 ಕಿಲೋ ತೂಕದ ಟರ್ಬೋ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಕೂರಿಸಿದ್ದೇವೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೋವಿಗೆ ಒಯ್ಯುವ ಮ್ಯಾನಿಫೋಲ್ಡನ್ನು 1.6 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಪೈಪಿನಲ್ಲಿ ನಾವೇ ವೆಲ್ಡ್ ಮಾಡಿದೆವು. ಟರ್ಬೋ ಜೋಲಬಾರದೆಂದು ಅದರ ಗಾಳಿ ಕಡೆಯ ಅಲ್ಯೂಮಿನಿಯಂ ಹೌಸಿಂಗಿನಿಂದ ಚಾಸಿಗೆ ಒಂದು ಗಟ್ಟಿ ಪಟ್ಟಿಯನ್ನೂ ಬಿಗಿದಿದ್ದೇವೆ. ಆದರೂ ನಾಲ್ಕು ಪೈಪುಗಳು ಕೂಡುವ ಕಡೆ ವೆಲ್ಡಿನ ಅಂಚು ಬಿರಿಯುತ್ತಿದೆ. ಅದನ್ನು ವೆಲ್ಡ್ ಮಾಡಿದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಇನ್ನೂ ದಪ್ಪ ಪಟ್ಟಿ ಹಾಕಬೇಕೇ?

ಉತ್ತರ: ದಪ್ಪ ಪಟ್ಟಿ ಹಾಕಿದರೆ ಬಿರುಕು ಇನ್ನೂ ಬೇಗ ಬರುತ್ತದೆ. ಎಂಜಿನ್ನು ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ, ಚಕ್ರ ಬಂಡೆ ಹತ್ತಿ ಧೊಪ್ಪನೆ ಇಳಿದಾಗ ಅದು ಚಾಸಿಯ ಮೇಲೆ ಕೆಲವು ಮಿಲಿಮೀಟರುಗಳಷ್ಟಾದರೂ ಓಲಾಡುತ್ತದೆ. ಮ್ಯಾನಿಫೋಲ್ಡಿನ ಒಂದು ತುದಿ ಎಂಜಿನ್ನಿನ ಜೊತೆ ಓಲಾಡುತ್ತಿರುವಾಗ ಇನ್ನೊಂದು ತುದಿಯನ್ನು ನೀವು ಚಾಸಿಗೆ ಕಟ್ಟಿಹಾಕಿದ್ದೀರಿ. ನಡುವೆ ಸಿಕ್ಕಿಕೊಂಡಿರುವುದು 1.6 ಮಿ.ಮೀ. ತಗಡಿನ ಪೈಪು. ಆದ್ದರಿಂದ ಮೊದಲು ಆ ಪಟ್ಟಿಯನ್ನು ಬಿಚ್ಚಿ. ಅದರ ಬದಲು ಹಾಕುವ ಆಧಾರದ ಕೆಳತುದಿ ಎಂಜಿನ್ ಬ್ಲಾಕಿನಲ್ಲಿ ಖಾಲಿ ಉಳಿದಿರುವ ಬೋಲ್ಟ್ ತೂತಿಗೋ, ಎಂಜಿನ್ನಿನ ಜೊತೆಯಲ್ಲೇ ಅಲುಗಾಡುವ ಬೆಲ್‌ಹೌಸಿಂಗಿಗೋ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಸೇರಬೇಕು.

ಮೇಲ್ತುದಿಯ ಜಾಗವೂ ಬದಲಾಗಬೇಕು. ಗಾಳಿ ಕಡೆಯ ಹೌಸಿಂಗು ಭಾರ ಹೊರಲೆಂದು ಮಾಡಿದ ಭಾಗವಲ್ಲ. ಅಲ್ಲಿ ಎಳೆದರೆ ಹೊರೆಯೆಲ್ಲ ಬೇರಿಂಗ್ ಇರುವ ನಡುಭಾಗವನ್ನು ಹಾದು ಹೊಗೆ ಕಡೆಯ ಟರ್ಬೈನಿಗೆ ಹೋಗುತ್ತದೆ. ಮ್ಯಾನಿಫೋಲ್ಡೂ ಟರ್ಬೋವೂ ಕೂಡುವ ಫ್ಲ್ಯಾಂಜಿನ (ಬೋಲ್ಟು ಬಿಗಿಯುವ ಚಪ್ಪಟೆ ಅಂಚಿನ) ಬೋಲ್ಟುಗಳಲ್ಲೇ ಒಂದೆರಡನ್ನು ಉದ್ದ ಮಾಡಿ, ಅವುಗಳಿಗೆ 6ರಿಂದ 8 ಮಿ.ಮೀ. ದಪ್ಪದ ಬ್ರಾಕೆಟ್ ಸಿಕ್ಕಿಸಿ, ಆಧಾರವನ್ನು ಅಲ್ಲಿಂದ ಇಳಿಸುವುದು ಸರಿ.

ಇನ್ನು ಬಿಸಿಯ ಲೆಕ್ಕ. ಬಹುತೇಕ ಮ್ಯಾನಿಫೋಲ್ಡುಗಳು ಹಾಳಾಗುವುದು ಇದನ್ನು ಮರೆತದ್ದರಿಂದಲೇ. ಹೊಗೆ ಹೊರಬರುವ ನಿಮ್ಮ ಮೊದಲ ಪೋರ್ಟಿಗೂ ನಾಲ್ಕನೆಯದಕ್ಕೂ ನಡುವೆ 280 ಮಿ.ಮೀ. ಇದೆಯೆಂದು ಇಟ್ಟುಕೊಳ್ಳೋಣ. ಪೈಪಿನ ಲೋಹ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ 304 ಸ್ಟೀಲು ಆ ಉದ್ದದಲ್ಲಿ ಹತ್ತಿರಹತ್ತಿರ 3 ಮಿ.ಮೀ. ಹಿಗ್ಗುತ್ತದೆ. ಅದೇ ಹೊತ್ತಿನಲ್ಲಿ 90–100 ಡಿಗ್ರಿಯಲ್ಲಿರುವ ಎರಕದ ಕಬ್ಬಿಣದ ಹೆಡ್ಡು (ಸಿಲಿಂಡರುಗಳ ಮೇಲಿನ ಮುಚ್ಚಳ) ಹಿಗ್ಗುವುದು ಕಾಲು ಮಿಲಿಮೀಟರಿನಷ್ಟು. ಈ ವ್ಯತ್ಯಾಸಕ್ಕೆ ಎಲ್ಲಾದರೂ ಜಾಗ ಸಿಗಲೇಬೇಕು. ನಿಮ್ಮ ಭೋಸರಿಗೆ ಹತ್ತಿರದ ನಿಗಡಿಯ ಕಡೆ ಆರು ಸಿಲಿಂಡರಿನ ಟ್ರಕ್ ಎಂಜಿನ್ನು ಬಿಚ್ಚಿರುವುದನ್ನು ಕಂಡರೆ ನಿಂತು ನೋಡಿ: ಎಷ್ಟೋ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡು ಒಂದೇ ತುಂಡಾಗಿರುವುದಿಲ್ಲ, ತುಂಡುಗಳು ಒಂದರೊಳಗೊಂದು ಜಾರುವಂತೆ ಕೂತಿರುತ್ತವೆ. ನಿಮ್ಮದರಲ್ಲಿ ಅದು ಆಗದಿದ್ದರೆ ಹೆಡ್ ಕಡೆಯ ಫ್ಲ್ಯಾಂಜನ್ನು ಪೋರ್ಟುಗಳ ನಡುವೆ ಕತ್ತರಿಸಿ ಬಿಡಿಬಿಡಿ ಮಾಡಿ, ತುದಿಯ ಸ್ಟಡ್ಡುಗಳ ತೂತುಗಳನ್ನು ತುಸು ಉದ್ದವಾಗಿ ಕೊರೆಯಿರಿ.

ಆಧಾರವೂ ಈ ಹಿಗ್ಗುವಿಕೆಗೆ ಅಡ್ಡ ಬರಬಾರದು, ಆದರೆ ಭಾರವನ್ನು ಮಾತ್ರ ಪೂರ್ತಿ ಹೊರಬೇಕು. ಎರಡೂ ತುದಿಗೆ ರಾಡ್ ಎಂಡ್ (ಎಲ್ಲ ಕಡೆಗೂ ವಾಲಬಲ್ಲ ಗುಂಡು ಕೀಲು) ಇರುವ ನೆಟ್ಟನೆಯ ಸರಳು ಇದಕ್ಕೆ ಹೇಳಿ ಮಾಡಿಸಿದ ಸಾಧನ. ಸರಳಿನ ಉದ್ದ 200 ಮಿ.ಮೀ. ಇದ್ದು, ಟರ್ಬೋ ಪಕ್ಕಕ್ಕೆ 3 ಮಿ.ಮೀ. ಸರಿದರೆ ಸರಳು ವಾಲುವುದರಿಂದ ಎತ್ತರದಲ್ಲಿ ಆಗುವ ಬದಲಾವಣೆ 0.02 ಮಿ.ಮೀ.ಗಿಂತ ತುಸುವೇ ಹೆಚ್ಚು. ಎಂದರೆ ಟರ್ಬೋ ಪಕ್ಕಕ್ಕೆ ಬೇಕಾದಂತೆ ಸರಿಯುತ್ತದೆ, ಕೆಳಕ್ಕೆ ಮಾತ್ರ ಇಳಿಯಲಾರದು. ಟರ್ಬೋ ಪೋರ್ಟುಗಳಿಗಿಂತ ಬಹಳ ಕೆಳಗೋ ಮೇಲೋ ಇದ್ದರೆ ಪೈಪುಗಳು ಮೇಲೆ ಕೆಳಗೂ ಹಿಗ್ಗುವುದರಿಂದ, ಸರಳಿನ ಒಂದು ತುದಿಯಲ್ಲಿ ಗಟ್ಟಿಯಾದ, ತಟ್ಟೆಯಾಕಾರದ ಡಿಸ್ಕ್ ಸ್ಪ್ರಿಂಗುಗಳ ಒಂದು ಜೋಡಿ ಬೇಕಾಗುತ್ತದೆ. ರಾಡ್ ಎಂಡು ಉಕ್ಕಿನ ಮೇಲೆ ಉಕ್ಕು ತಿರುಗುವ ಜಾತಿಯದಾಗಿರಲಿ. ಟೆಫ್ಲಾನ್ ಪದರವಿರುವುದು ಸುಮಾರು 260 ಡಿಗ್ರಿಯ ಮೇಲೆ ಬಾಳುವುದಿಲ್ಲ. ಒಂದು ತುದಿಗೆ ಬಲ ಮರೆ (ಥ್ರೆಡ್), ಇನ್ನೊಂದಕ್ಕೆ ಎಡ ಮರೆ ಇದ್ದರೆ ಸರಳನ್ನು ತಿರುಗಿಸಿಯೇ ಉದ್ದ ಹೊಂದಿಸಬಹುದು. ಹೆಡ್ಡಿನ ನಟ್ಟುಗಳೂ ಟರ್ಬೋ ಫ್ಲ್ಯಾಂಜಿನ ನಟ್ಟುಗಳೂ ಪೂರ್ತಿ ಬಿಗಿಯಾದ ಮೇಲಷ್ಟೇ ಸರಳನ್ನು ಜೋಡಿಸಿ. ಅದರ ಬೋಲ್ಟು ಬೆರಳಿನಿಂದ ತಳ್ಳಿದರೆ ಒಳಗೆ ಹೋಗಬೇಕು. ಹಾರೆಯಿಂದ ಮೀಟಿ ಕೂರಿಸಬೇಕಾಗಿ ಬಂದರೆ ಉದ್ದ ತಪ್ಪಿದೆಯೆಂದೇ ತಿಳಿಯಿರಿ.

ಆಧಾರವೇ ಬೇಡವೆನ್ನುವವರೂ ಇದ್ದಾರೆ. ಗಿಡ್ಡನೆಯ ಎರಕದ ಮ್ಯಾನಿಫೋಲ್ಡಿಗೆ ಆ ಮಾತು ಒಪ್ಪುತ್ತದೆ. ನಿಮ್ಮಲ್ಲಿ 12 ಕಿಲೋ ಭಾರ ಹೆಡ್ಡಿನಿಂದ 220 ಮಿ.ಮೀ. ಆಚೆ ತೂಗುತ್ತಿದ್ದರೆ ನಿಂತ ಗಾಡಿಯಲ್ಲೇ ಬುಡಕ್ಕೆ ಸುಮಾರು 26 ನ್ಯೂಟನ್ ಮೀಟರ್ ಬಾಗುಬಲ ಬೀಳುತ್ತದೆ. ಬಂಡೆಯಿಂದ ಇಳಿಯುವಾಗ ಧಕ್ಕೆ ಗುರುತ್ವದ ನಾಲ್ಕು ಪಟ್ಟು ಮುಟ್ಟಿದರೆ ಅದು ನೂರನ್ನು ದಾಟುತ್ತದೆ. ಜೊತೆಗೆ ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ಅದುರುತ್ತದೆ. ಕೆಂಪಗೆ ಕಾದ ತೆಳು ಪೈಪು ಇಷ್ಟನ್ನು ಬಹುಕಾಲ ತಾಳುವುದಿಲ್ಲ.

ಈಗಿನ ಮ್ಯಾನಿಫೋಲ್ಡಿನ ಆಸೆ ಬಿಟ್ಟುಬಿಡಿ, ಏಕೆಂದರೆ ಪದೇಪದೇ ವೆಲ್ಡ್ ಆದ ಜಾಗದ ಸುತ್ತ ಲೋಹ ಸೊರಗಿರುತ್ತದೆ. ಹೊಸದನ್ನು ಒಂದೂವರೆ ಇಂಚಿನ ಶೆಡ್ಯೂಲ್ 10 ಪೈಪಿನಲ್ಲಿ ಮಾಡಿ. ಅದರ ದಪ್ಪ 2.77 ಮಿ.ಮೀ. ಸಾಧ್ಯವಾದರೆ 304ರ ಬದಲು ಟೈಟಾನಿಯಂ ಬೆರೆತ 321 ದರ್ಜೆಯನ್ನು 347 ಫಿಲ್ಲರ್ ಕಡ್ಡಿಯಿಂದ ವೆಲ್ಡ್ ಮಾಡಿಸಿ, ಪೈಪಿನ ಒಳಗೂ ಆರ್ಗಾನ್ ತುಂಬಿಸಿ. ಇಲ್ಲದಿದ್ದರೆ ವೆಲ್ಡಿನ ಒಳಮೈ ಕರಕಲಾಗಿ, ಹರಳುಹರಳಾಗಿ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಸೈಲೆನ್ಸರಿನ ಪೈಪು ಟರ್ಬೋವಿಗೆ ನೇತಾಡುತ್ತಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಟರ್ಬೋ ದಾಟಿದ ಕೂಡಲೇ ಒಂದು ಫ್ಲೆಕ್ಸಿಬಲ್ ಬೆಲ್ಲೋಸ್ (ಬಾಗಬಲ್ಲ ಸುಕ್ಕು ಕೊಳವೆ) ಹಾಕಿ, ಅದರಾಚೆಯ ಪೈಪಿನ ಭಾರವನ್ನು ಚಾಸಿಯ ರಬ್ಬರ್ ಹ್ಯಾಂಗರುಗಳಿಗೆ ಕೊಡಿ. ಎಲ್ಲ ಜೋಡಿಸಿದ ಮೇಲೆ ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಬಳಿಕ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಮೊದಲ ಕೆಲವು ಓಟಗಳ ನಂತರವೂ ಹೀಗೇ ಮಾಡಿ.