ಹಳೆಯ ದೋಣಿ ಮೋಟಾರಿನ ಕಿಡಿ

ಪ್ರಶ್ನೆ: ನಮ್ಮ ನಾಡದೋಣಿಯ ಹಳೆಯ, ಪಾಯಿಂಟ್ (ಕಿಡಿಗಾಗಿ ವಿದ್ಯುತ್ ಸಂಪರ್ಕವನ್ನು ಕೂಡಿಸಿ ಬಿಡಿಸುವ ಲೋಹದ ತುದಿ) ಇರುವ ಔಟ್‌ಬೋರ್ಡ್ ಮೋಟಾರು ಮಳೆಗಾಲದಲ್ಲಿ ಸುಮ್ಮನಿದ್ದ ಮೇಲೆ ಹಗ್ಗ ಎಷ್ಟು ಎಳೆದರೂ ಚಾಲೂ ಆಗುತ್ತಿಲ್ಲ. ಹೊಸ ಸ್ಪಾರ್ಕ್ ಪ್ಲಗ್ ಹಾಕಿದರೂ ಫಲವಿಲ್ಲ. ಏನು ಮಾಡಬೇಕು?
– ಓದುಗರು, ಗಂಗೊಳ್ಳಿ

ಉತ್ತರ: ಮೊದಲು ಕಿಡಿ ಬರುತ್ತಿದೆಯೇ ನೋಡಿ. ಪ್ಲಗ್ಗನ್ನು ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಇಟ್ಟು ಹಗ್ಗ ಎಳೆದಾಗ ದಪ್ಪನೆಯ ನೀಲಿ ಕಿಡಿ ಹಾರಬೇಕು. ಹತ್ತಿರ ಪೆಟ್ರೋಲಿನ ಆವಿ ಇರದಂತೆ ದಯವಿಟ್ಟು ಎಚ್ಚರ ವಹಿಸಿ. ಕಿಡಿ ಇಲ್ಲದಿದ್ದರೆ, ತಿಂಗಳುಗಟ್ಟಲೆ ತೇವದಲ್ಲಿ ನಿಂತ ಮೋಟಾರಿನಲ್ಲಿ ನನ್ನ ಮೊದಲ ಅನುಮಾನ ಫ್ಲೈವೀಲ್ (ಎಂಜಿನ್ನಿನ ಭಾರದ ತಿರುಗುಚಕ್ರ) ಅಡಿಯ ಪಾಯಿಂಟ್‌ಗಳ ಮೇಲೆಯೇ, ಏಕೆಂದರೆ ಅವುಗಳ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಹಿಡಿದರೂ ವಿದ್ಯುತ್ ಹರಿಯುವುದಿಲ್ಲ. ಫ್ಲೈವೀಲನ್ನು ಪುಲ್ಲರ್ ಎಂಬ ಎಳೆದು ಬಿಡಿಸುವ ಸಾಧನದಿಂದಲೇ ತೆಗೆಯಿರಿ. ಸುತ್ತಿಗೆಯ ಪೆಟ್ಟು ಅದರಲ್ಲಿರುವ ಆಯಸ್ಕಾಂತಕ್ಕೂ ಅದನ್ನು ತಿರುಗಿಸುವ ಕ್ರ್ಯಾಂಕ್ ದಂಡಕ್ಕೂ ಕೆಡುಕು. ತುದಿಗಳನ್ನು ಶುಚಿಗೊಳಿಸಿ, ಕೊನೆಗೆ ಬಿಳಿ ಕಾಗದ ಎಳೆದು ಪುಡಿ, ಎಣ್ಣೆ ಉಳಿಯದಂತೆ ಒರೆಸಿ. ತುದಿಗಳ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ಕೈಪಿಡಿಯಂತೆ ಹೊಂದಿಸಿ. ಅನೇಕ ಹಳೆಯ ಜಾನ್ಸನ್, ಎವಿನ್‌ರೂಡ್ ಮೋಟಾರುಗಳಲ್ಲಿ ಅದು 0.020 ಇಂಚು. ಆಗಲೂ ಕಿಡಿ ಬಾರದಿದ್ದರೆ ಕಿಡಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ (ತಂತಿಯ ಸುರುಳಿ) ಬಿರುಕು ಬಿಟ್ಟಿದೆಯೇ ಪರೀಕ್ಷಿಸಿ, ಪಾಯಿಂಟ್‌ಗಳಿಗೆ ಜೋಡಿಸಿದ ಕಂಡೆನ್ಸರ್ ಬದಲಿಸಿ.