ಮೆಕೆಂಜಿ ಕೌಂಟಿಯ ಮಧ್ಯಾಂಕ ಆದಾಯ: ಎಸಿಎಸ್ ಅಂಕಿಗಳನ್ನು ಸಾಲಾಗಿ ಜೋಡಿಸಬೇಡಿ

ಉತ್ತರ ಡಕೋಟಾದ ಮೆಕೆಂಜಿ ಕೌಂಟಿಯಲ್ಲಿ ಮನೆವಾರು ಮಧ್ಯಾಂಕ ಆದಾಯ (ಅರ್ಧ ಮನೆಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ ಇರುವ ಮೊತ್ತ) 1990ರಿಂದ ಈಚೆಗೆ ಹೇಗೆ ಬದಲಾಯಿತು, ಎಸಿಎಸ್‌ನ (ಅಮೆರಿಕದ ಸೆನ್ಸಸ್ ಬ್ಯೂರೋ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೇ) ಐದು ವರ್ಷದ ಅಂಕಿಗಳನ್ನೇ ಒಂದರ ಮುಂದೊಂದು ಇಟ್ಟು ಗೆರೆ ಎಳೆದರೆ ಸಾಕಾ ಅಂತ ಕೇಳಿದ್ದೀರಿ. ಇದೇ ಥರದ ಲೆಕ್ಕ ನನ್ನ ಕೈಗೂ ಬಂದದ್ದಿದೆ. ಸಾಕಾಗೋದಿಲ್ಲ. ಆ ಗೆರೆಯನ್ನೇ ಎಳೆಯಬೇಡಿ ಅನ್ನೋದು ನನ್ನ ಅಭಿಪ್ರಾಯ.

2015–2019ರ ಅಂಕಿ ಅಂದರೆ 2019ರ ಅಂಕಿ ಅಲ್ಲ. ಆ 60 ತಿಂಗಳಲ್ಲಿ ಉತ್ತರ ಕೊಟ್ಟ ಮನೆಗಳನ್ನೆಲ್ಲ ಒಟ್ಟು ಹಾಕಿ, ಮೊತ್ತವನ್ನು 2019ರ ಡಾಲರ್‌ಗೆ ಏರಿಸಿ ತೆಗೆದದ್ದು. ಪ್ರತಿ ಮನೆಯನ್ನೂ ಕೇಳುವುದು ಹಿಂದಿನ 12 ತಿಂಗಳ ಆದಾಯ, ಹಾಗಾಗಿ 2014ರ ದುಡಿಮೆಯೂ ಒಳಗೆ ಸೇರಿರುತ್ತದೆ. ಈಗ ಇದರಿಂದ 2014–2018ರ ಅಂಕಿಯನ್ನು ಕಳೆಯಿರಿ. ನಡುವಿನ ನಾಲ್ಕು ವರ್ಷ ಎರಡರಲ್ಲೂ ಇವೆ. ಉಳಿಯುವುದು 2014 ಹೊರಗೆ ಹೋಗಿ 2019 ಒಳಗೆ ಬಂದದ್ದರ ಪರಿಣಾಮ, ಅದೂ ಹೆಚ್ಚುಕಮ್ಮಿ ಐದನೇ ಒಂದು ಪಾಲು. ನೀವು ‘ಒಂದು ವರ್ಷದಲ್ಲಿ 1,000 ಡಾಲರ್ ಏರಿತು’ ಅಂತ ಬರೆಯುತ್ತೀರಿ. ಸರಾಸರಿಯ ಲೆಕ್ಕದಲ್ಲಿ ನೋಡಿದರೆ ಅದು ಐದು ವರ್ಷಗಳ ಅಂತರದಲ್ಲಿ ಸುಮಾರು 5,000 ಏರಿದ್ದರ ಸೂಚನೆ. ಮಧ್ಯಾಂಕಕ್ಕೆ ಈ ಲೆಕ್ಕ ಕರಾರುವಾಕ್ಕಾಗಿ ಕೂರದು, ಆದರೂ ದಿಕ್ಕು ಅದೇ. ಸಾಲದ್ದಕ್ಕೆ ಒಂದು ಅಂಕಿ 2018ರ ಡಾಲರ್, ಇನ್ನೊಂದು 2019ರದು. ಹಣದುಬ್ಬರ ಸರಿದೂಗಿಸದೆ ಕಳೆದರೆ ಬೆಲೆಯೇರಿಕೆಯೂ ಆದಾಯದ ಏರಿಕೆಯಾಗಿ ಕಾಣುತ್ತದೆ.

ಮೆಕೆಂಜಿಯಲ್ಲಿ ಇದು ಇನ್ನೂ ಕೆಟ್ಟದಾಗಿ ಹೊಡೆಯುತ್ತದೆ. ಬ್ಯಾಕೆನ್ ಅನ್ನುವ ಶಿಲಾಪದರದಿಂದ ತೆಗೆಯುವ ತೈಲದ ಭರಾಟೆಯಲ್ಲಿ ಅಲ್ಲಿನ ಜನಸಂಖ್ಯೆ 2010ರ 6,360ರಿಂದ 2020ಕ್ಕೆ 14,704ಕ್ಕೆ ಹೋಯಿತು. 2014ರ ಕೊನೆಯಲ್ಲಿ ತೈಲದ ಬೆಲೆ ಕುಸಿಯಿತು. ಅಂಥ ಏಟು ಐದು ವರ್ಷದ ಅಂಕಿಯಲ್ಲಿ ತಡವಾಗಿ, ಅದೂ ಸವೆದು ಸಣ್ಣದಾಗಿ ಕಾಣುತ್ತದೆ. ಒಂದು ವರ್ಷದ ಎಸಿಎಸ್ ನೋಡೋಣ ಅಂದರೆ ಅದು ಬರುವುದು ಜನಸಂಖ್ಯೆ 65,000 ಮೀರಿದ ಜಾಗಗಳಿಗೆ ಮಾತ್ರ.

ವರ್ಷವಾರು ಗೆರೆ ಬೇಕೇ ಬೇಕು ಅಂದರೆ ಸೆನ್ಸಸ್ ಬ್ಯೂರೋದ ಎಸ್‌ಎಐಪಿಇ (ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು) ತೆಗೆದುಕೊಳ್ಳಿ. ಕೌಂಟಿ ಮಟ್ಟದಲ್ಲಿ 1989, 1993, 1995, ಆಮೇಲೆ 1997ರಿಂದ ಪ್ರತಿ ವರ್ಷ ಸಿಗುತ್ತದೆ. ದತ್ತಾಂಶದಲ್ಲಿ ಕೌಂಟಿಯನ್ನು ಗುರುತಿಸುವ ಸರ್ಕಾರಿ ಸಂಖ್ಯೆ, ಅಂದರೆ ಫಿಪ್ಸ್ ಕೋಡ್, ಮೆಕೆಂಜಿಗೆ 38053. ಇದು ನೇರ ಸಮೀಕ್ಷೆಯಲ್ಲ, ತೆರಿಗೆ ರಿಟರ್ನ್‌ನಂಥ ದಾಖಲೆಗಳನ್ನು ಸಮೀಕ್ಷೆಯ ಜೊತೆ ಬೆರೆಸಿದ ಮಾಡೆಲ್. ಸಣ್ಣ ಕೌಂಟಿಯಲ್ಲಿ ಮಾಡೆಲ್ಲಿನದೇ ಕಾರುಬಾರು. 2005ರಲ್ಲಿ ಅದರ ಸಮೀಕ್ಷೆ ಸಿಪಿಎಸ್‌ನಿಂದ (ಕರೆಂಟ್ ಪಾಪ್ಯುಲೇಶನ್ ಸರ್ವೇ) ಎಸಿಎಸ್‌ಗೆ ಬದಲಾಯಿತು, ಹಾಗಾಗಿ 2004 ಮತ್ತು 2005ರ ನಡುವೆ ಗೆರೆಯನ್ನು ತುಂಡು ಮಾಡಿ. ಜೊತೆಗೆ ಕೊಡುವ 90% ವಿಶ್ವಾಸದ ವ್ಯಾಪ್ತಿಯನ್ನು ಗೆರೆಯ ಸುತ್ತ ಪಟ್ಟಿಯಾಗಿ ತೋರಿಸಿ. ಅಂಕಿಗಳೆಲ್ಲ ಆಯಾ ವರ್ಷದ ಡಾಲರ್‌ನಲ್ಲಿರುತ್ತವೆ. ಸಿಪಿಐ-ಯು-ಆರ್‌ಎಸ್ ಅನ್ನುವ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ ಹಿಡಿದು ಎಲ್ಲವನ್ನೂ ಒಂದೇ ವರ್ಷಕ್ಕೆ ತನ್ನಿ. ಅದು ಇಡೀ ದೇಶದ ಸೂಚ್ಯಂಕ, ಕೌಂಟಿಯ ಆಡಳಿತ ಕೇಂದ್ರ ವಾಟ್‌ಫರ್ಡ್ ಸಿಟಿಯ ಮನೆಬಾಡಿಗೆ ಆಕಾಶಕ್ಕೇರಿದ್ದು ಅದಕ್ಕೆ ಗೊತ್ತಿಲ್ಲ.

ಎಸಿಎಸ್ ಅನ್ನು ತಾಳೆ ನೋಡಲು ಇಟ್ಟುಕೊಳ್ಳಿ: ಬಿ19013 (ಮನೆವಾರು ಮಧ್ಯಾಂಕ ಆದಾಯದ) ಕೋಷ್ಟಕ, ಒಂದರ ಮೇಲೊಂದು ಬೀಳದ ಅವಧಿಗಳು ಮಾತ್ರ. 2009–2013, 2014–2018, 2019–2023. ಬಿ19113 ತೆಗೆದರೆ ಅದು ಕುಟುಂಬದ ಆದಾಯ, ಒಂಟಿಯಾಗಿರುವವರು ಅದರಲ್ಲಿ ಇರುವುದಿಲ್ಲ. ಹೋಲಿಸುವಾಗ ಮಾರ್ಜಿನ್ ಆಫ್ ಎರರ್ (ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ) ಬಿಡಬೇಡಿ. ಉದಾಹರಣೆಗೆ ಒಂದೇ ವರ್ಷದ ಡಾಲರ್‌ಗೆ ತಂದ ಮೇಲೆ ಮೊದಲನೆಯದು 48,000 ± 6,000, ಎರಡನೆಯದು 53,000 ± 7,000 ಅಂತಿರಲಿ. ಎರಡೂ ಮಾರ್ಜಿನ್‌ಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 9,220. ವ್ಯತ್ಯಾಸ 5,000 ಮಾತ್ರ. ಅಂದರೆ ಏರಿದೆ ಅಂತ ಹೇಳಲು ಆಧಾರವಿಲ್ಲ. ಅಂಕಿಗಳನ್ನು ಬ್ಯೂರೋದ ಎಪಿಐನಿಂದ (ಪ್ರೋಗ್ರಾಂ ಮೂಲಕ ದತ್ತಾಂಶ ಪಡೆಯುವ ದಾರಿ) ಎಳೆದರೆ -666666666 ಬಂದೀತು. ಅದು ಅಂದಾಜು ಇಲ್ಲ ಅನ್ನುವ ಗುರುತು, ಸರಾಸರಿಗೆ ಸೇರಿಸಿದವರೂ ಇದ್ದಾರೆ!

1990 ಮತ್ತು 2000ರ ಜನಗಣತಿಯ ಲಾಂಗ್ ಫಾರ್ಮ್ (ಆಯ್ದ ಮನೆಗಳಿಗೆ ಕೊಟ್ಟ ಉದ್ದದ ಪ್ರಶ್ನಾವಳಿ) ಅಂಕಿಗಳು ಚೆನ್ನಾಗಿವೆ, ಆದರೆ ಕೇಳಿದ್ದು ಹಿಂದಿನ ವರ್ಷದ ಆದಾಯ. ಚುಕ್ಕಿ 1989 ಮತ್ತು 1999ರ ಮೇಲೆ ಬೀಳಲಿ.

ಬಿಇಎಯ (ಅಮೆರಿಕದ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್) ತಲಾ ಆದಾಯ 1969ರಿಂದ ಸಾಲಾಗಿ ಸಿಗುತ್ತದೆ ಅಂತ ಅದನ್ನು ಬದಲಿಯಾಗಿ ಬಳಸಬೇಡಿ. ನಮ್ಮ ಕರ್ನಾಟಕದ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ತಲಾ ಆದಾಯ ನೋಡಿ ಅಭ್ಯಾಸವಾದವರು ಇಲ್ಲಿ ಜಾರುತ್ತಾರೆ. ತಲಾ ಆದಾಯ ಸರಾಸರಿ. ಕೆಲವೇ ರೈತರಿಗೆ ತೈಲದ ರಾಯಲ್ಟಿ ಸುರಿದರೂ ಅದು ಜಿಗಿಯುತ್ತದೆ, ಮಧ್ಯಾಂಕ ಅಲ್ಲಾಡದೆಯೂ ಇರಬಹುದು. ಇನ್ನು ಕ್ಯಾಂಪ್‌ಗಳಲ್ಲಿ ತಂಗುವ ತೈಲ ಕಾರ್ಮಿಕರು: ಕಾರ್ಮಿಕರ ಸಾಮೂಹಿಕ ವಸತಿ ‘ಗ್ರೂಪ್ ಕ್ವಾರ್ಟರ್ಸ್’ ಲೆಕ್ಕಕ್ಕೆ ಹೋಗುತ್ತದೆ, ಅವರ ಸಂಬಳ ಮನೆವಾರು ಆದಾಯಕ್ಕೆ ಸೇರುವುದೇ ಇಲ್ಲ. ಈ ಮಾತನ್ನು ಗ್ರಾಫ್‌ನ ಕೆಳಗೆ ಒಂದು ಸಾಲಿನಲ್ಲಿ ಬರೆದುಬಿಡಿ.