ಸೈನಿಕನ ಕಡತದಲ್ಲಿ ‘ರೈತ’ ಅಂತ ಬರೆದಿದ್ದರೆ

ಪ್ರಶ್ನೆ: ಇಂಗ್ಲೆಂಡಿನಿಂದ ಕೆನಡಾಕ್ಕೆ ಹೋಗಿ ಬೇಸಾಯ ಮಾಡುತ್ತಿದ್ದ ಒಬ್ಬರು ಮೊದಲ ಮಹಾಯುದ್ಧದಲ್ಲಿ ಕೆನಡಾ ಸೈನ್ಯ ಸೇರಿ, 1917ರಲ್ಲಿ ಫ್ರಾನ್ಸಿನಲ್ಲಿ ಸತ್ತರು ಅಂತ ಓದಿದೆ. ಜಮೀನು ಸಿಕ್ಕಿದ ಮೇಲೂ ಬಿಟ್ಟು ಹೋಗಿದ್ದು ಯಾಕೆ? ಸಮಾಧಿ ಇಲ್ಲವಂತೆ, ಗೋಡೆ ಮೇಲೆ ಹೆಸರು ಮಾತ್ರ. ಇಂಥವರ ಬಗ್ಗೆ ಜಾಸ್ತಿ ತಿಳಿಯೋದು ಹೇಗೆ?

ಉತ್ತರ: ‘ಜಮೀನು ಸಿಕ್ಕಿದ ಮೇಲೂ’ ಅನ್ನೋದನ್ನು ಮೊದಲು ನೋಡೋಣ. 1872ರ ಕಾನೂನಿನಂತೆ ಕೆನಡಾ ಸರ್ಕಾರ 10 ಡಾಲರ್ ಶುಲ್ಕಕ್ಕೆ 160 ಎಕರೆ ಕೊಡುತ್ತಿತ್ತು, ನಿಜ. ಆದರೆ ಹಕ್ಕುಪತ್ರ ಸುಮ್ನೆ ಬರುತ್ತಿರಲಿಲ್ಲ. ಮೂರು ವರ್ಷ ಅಲ್ಲಿ ವಾಸ ಮಾಡಿ, ಮನೆ ಕಟ್ಟಿ, ಒಂದಷ್ಟು ನೆಲ ಉತ್ತು ತೋರಿಸಬೇಕಿತ್ತು. ಅದೇನು ನಯವಾದ ಹೊಲವಲ್ಲ. ಹುಲ್ಲಿನ ಬೇರು ಚಾಪೆಯಂತೆ ಹೆಣೆದುಕೊಂಡ ಬಯಲು. ನೇಗಿಲು ಹಾಕಿದರೆ ಮಣ್ಣು ಪುಡಿಯಾಗದೆ ಉದ್ದುದ್ದ ಪಟ್ಟಿಯಾಗಿ ಮಗುಚಿಕೊಳ್ಳುತ್ತಿತ್ತು. ಆ ಪಟ್ಟಿಗಳನ್ನೇ ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಕಟ್ಟಿಕೊಂಡವರೂ ಇದ್ದರು.

1914ರಲ್ಲಿ ಕೆನಡಾದ ಪಶ್ಚಿಮದ ಪ್ರಾಂತ್ಯಗಳಾದ ಸಾಸ್ಕಾಚೆವಾನ್, ಆಲ್ಬರ್ಟಾಗಳ ದಕ್ಷಿಣ ಭಾಗದಲ್ಲಿ ಮಳೆ ಕೈಕೊಟ್ಟು ಬೆಳೆ ಒಣಗಿತು. ಪಟ್ಟಣಗಳಲ್ಲೂ ಕೆಲಸವಿಲ್ಲ. ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಗೆ ದಿನಕ್ಕೆ 1 ಡಾಲರ್ 10 ಸೆಂಟ್, ಮೇಲೆ ಊಟ, ಬಟ್ಟೆ. ಜೊತೆಗೆ ಹಡಗು ಮೊದಲು ಹೋಗುತ್ತಿದ್ದುದೇ ಇಂಗ್ಲೆಂಡಿಗೆ, ಅಮ್ಮ ಇದ್ದ ಕಡೆಗೆ. ಕೆನಡಾದಿಂದ ಯುದ್ಧಕ್ಕೆ ಹೊರಟ ಮೊದಲ ತಂಡದಲ್ಲಿ ಹೆಚ್ಚಿನವರು ಬ್ರಿಟನ್ನಿನಲ್ಲಿ ಹುಟ್ಟಿದವರೇ. ಎಲ್ಲವನ್ನೂ ದೇಶಭಕ್ತಿ ಅಂದುಬಿಡೋದು ನನಗಂತೂ ಒಪ್ಪಿಗೆಯಿಲ್ಲ. ಅದೂ ಇತ್ತು, ಬರಿದಾದ ಕಣಜವೂ ಇತ್ತು.

ಸಮಾಧಿಯ ವಿಷಯ. ಕಂದಕದ ಪಕ್ಕದಲ್ಲೇ ಹೂತವರ ಗುಂಡಿಗಳನ್ನು ಮುಂದಿನ ವಾರದ ಶೆಲ್ ದಾಳಿ ಅಗೆದು ಹಾಕುತ್ತಿತ್ತು. ಎಷ್ಟೋ ದೇಹಗಳು ಸಿಗಲೇ ಇಲ್ಲ. ಫ್ರಾನ್ಸಿನಲ್ಲಿ ಹೀಗೆ ಕಾಣೆಯಾದ 11,000ಕ್ಕೂ ಹೆಚ್ಚು ಕೆನಡಾ ಸೈನಿಕರ ಹೆಸರು ಅಲ್ಲಿನ ವಿಮಿ ಎಂಬಲ್ಲಿರುವ ಯುದ್ಧ ಸ್ಮಾರಕದ ಗೋಡೆಯಲ್ಲಿವೆ. ಅದು ಉದ್ಘಾಟನೆಯಾಗಿದ್ದು 1936ರಲ್ಲಿ. ಬೆಲ್ಜಿಯಂನಲ್ಲಿ ಕಾಣೆಯಾದವರ ಹೆಸರು ಅಲ್ಲಿನ ಈಪ್ರ್ ಪಟ್ಟಣದ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದಲ್ಲಿ.

ಇನ್ನು ಹುಡುಕುವ ದಾರಿ. ಕೆನಡಾದ ರಾಷ್ಟ್ರೀಯ ದಾಖಲೆ ಸಂಸ್ಥೆ ಆ ಯುದ್ಧದ ಸೈನಿಕರ ಕಡತಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದೆ. ಮೊದಲು ಸೇರ್ಪಡೆ ಪತ್ರ ನೋಡಿ. ಹುಟ್ಟಿದ ಊರು, ಹತ್ತಿರದ ಬಂಧು, ಕಸುಬು, ಎತ್ತರ, ಎದೆ ಸುತ್ತಳತೆ, ಕಣ್ಣಿನ ಬಣ್ಣ, ಮೈ ಮೇಲಿನ ಗುರುತು, ಎಲ್ಲ ಇರುತ್ತದೆ. ಬಂಧುವಿನ ಜಾಗದಲ್ಲಿ ಇಂಗ್ಲೆಂಡಿನ ವಿಳಾಸ ಇದ್ದರೆ ಕೆನಡಾದಲ್ಲಿ ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ ಅಂತ ಊಹಿಸಬಹುದು. ಕಸುಬು ‘ರೈತ’ ಅಂತ ಇದ್ದರೆ ಮಾತ್ರ ಹುಷಾರು. ಕೂಲಿಗೆ ದುಡಿಯುತ್ತಿದ್ದವರೂ ಹಾಗೆ ಬರೆಸಿದ್ದುಂಟು. ವಯಸ್ಸನ್ನೂ ಪೂರ್ತಿ ನಂಬಬೇಡಿ, ಸುಳ್ಳು ಹೇಳಿ ಸೇರಿದವರು ಬೇಕಾದಷ್ಟು.

ಸ್ವಂತ ಜಮೀನು ಇತ್ತೋ ಇಲ್ಲವೋ ಅಂತ ಗೊತ್ತಾಗೋದು ಸೈನ್ಯದ ಕಡತದಿಂದಲ್ಲ, ಜಮೀನಿನ ಕಡತದಿಂದ. ಸಾಸ್ಕಾಚೆವಾನ್ ಆದರೆ ಆ ಪ್ರಾಂತ್ಯದ ದಾಖಲೆ ಕಚೇರಿಯಲ್ಲಿ ಕೇಳಿ. ಸೈನ್ಯದಲ್ಲಿ ಕಳೆದ ಕಾಲವನ್ನೂ ಆ ಮೂರು ವರ್ಷದ ವಾಸದ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರೆ ಎಷ್ಟು ಎಕರೆ ಉತ್ತಿದ್ದ, ಮನೆ ಎಷ್ಟು ಅಡಿ ಇತ್ತು, ಎಷ್ಟು ಕುದುರೆ ದನ ಸಾಕಿದ್ದ ಅನ್ನೋದೂ ಅದರಲ್ಲಿ ಸಿಗುತ್ತದೆ.